ಟಯರ್ ಅಂಗಡಿಯ ಮಹಡಿಯಲ್ಲಿ ನನಗೆ ಸಿಕ್ಕ ಹೆಸರು

"ಸಾದಾ, ದುವಾ, ತೋಲು, ಓಪಾತ್."

ಈಗಲೂ ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ಒರಗಿ ಕಣ್ಣು ಅರೆಮುಚ್ಚಿದರೆ ನನಗೆ ಮೊದಲು ಕೇಳಿಸುವುದು ಈ ಎಣಿಕೆ. ನಾಲ್ಕು ಮಂದಿ ಗಂಡಸರು ನನ್ನ ಯಜಮಾನರನ್ನು ವೀಲ್‌ಚೇರ್ ಸಮೇತ ಎತ್ತಿಕೊಂಡು ಇಕ್ಕಟ್ಟಾದ ಸಿಮೆಂಟು ಮೆಟ್ಟಿಲು ಹತ್ತುವಾಗ ತಮ್ಮ ಭಾಷೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಹೇಳುತ್ತಿದ್ದರು. ನಾಲ್ಕು ಎಂದಾಗ ಒಂದು ಮೆಟ್ಟಿಲು. ಮತ್ತೆ ಸಾದಾ. ಕೆಳಗೆ ಟಯರ್ ಅಂಗಡಿಯಲ್ಲಿ ಬೋಲ್ಟು ಬಿಚ್ಚುವ ಮಿಷಿನ್ನಿನ ಟರ್ ಟರ್ ಸದ್ದು, ಮೇಲೆ ಯಾರೋ ಕೀಬೋರ್ಡಿನಲ್ಲಿ ಒಂದೇ ಸ್ವರವನ್ನು ಒತ್ತಿ ಹಿಡಿದ ಸದ್ದು. ಎರಡರ ನಡುವೆ ನನ್ನ ಸ್ಯಾಮ್, ದಿಬ್ಬಣದ ಮದುಮಗನ ಹಾಗೆ, ತೇಲಿಕೊಂಡು ಹೋಗುತ್ತಿದ್ದರು.

ಕರ್ತನಲ್ಲಿ ಪ್ರಿಯರಾದವರೇ, ಸಾಕ್ಷಿ ಹೇಳುವ ಅಭ್ಯಾಸ ನನಗಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಎರಡೇ: ಫುಲ್ ಸೆಂಟೆನ್ಸಿನಲ್ಲಿ ಮಾತಾಡು, ನಿನ್ನ ಬಗ್ಗೆ ಮಾತಾಡಬೇಡ. ಆದರೆ ಎಪ್ಪತ್ತಾರು ವರ್ಷವಾದ ಮೇಲೆ ಆ ಎರಡನೆಯ ಪಾಠವನ್ನು ಮುರಿಯುತ್ತಿದ್ದೇನೆ. ದೇವರು ನನ್ನ ಪ್ರಾರ್ಥನೆಗೆ ಕೊಟ್ಟ ಉತ್ತರವನ್ನು ನಾನು ಬರೆದಿಡದಿದ್ದರೆ ಬೇರೆ ಯಾರೂ ಬರೆಯುವವರಿಲ್ಲ.

ನಾವು ಉಡುಪಿಯ ಕಡೆಯವರು. ನನ್ನ ಯಜಮಾನರು ಡಾಕ್ಟರ್ ಸ್ಯಾಮ್ಯುವೆಲ್, ಅನಾಟಮಿ ಪ್ರೊಫೆಸರ್. ಈ ಮಲಯ್ ದೇಶದ ಮೆಡಿಕಲ್ ಕಾಲೇಜೊಂದಕ್ಕೆ ಮೂರು ವರ್ಷಕ್ಕೆಂದು ಬಂದವರು ನಿವೃತ್ತಿಯವರೆಗೂ ಇಲ್ಲೇ ಉಳಿದರು. ಮಗಳು ನಿಶಾ ಸುಬಾಂಗ್ ಜಯಾದಲ್ಲಿ ಕಾಲೇಜು ಲೆಕ್ಚರರ್. ನಾವು ಅವಳ ಜೊತೆಗೇ ಇದ್ದೆವು. ಕೋವಿಡ್ ಮುಗಿದು ಆರಾಧನೆಗಳು ಮತ್ತೆ ಶುರುವಾದ ವರ್ಷ, ಒಂದು ಬೆಳಗ್ಗೆ ಸ್ಯಾಮ್ ಷೇವ್ ಮಾಡಿಕೊಳ್ಳುತ್ತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಅರ್ಧ ಮುಖಕ್ಕೆ ಇನ್ನೂ ಸೋಪಿನ ನೊರೆ ಇತ್ತು. ಆಂಬುಲೆನ್ಸಿನಲ್ಲಿ ನಾನು ಅದನ್ನು ಸೆರಗಿನಿಂದ ಒರೆಸುತ್ತಾ ಹೋದೆ.

ಸ್ಟ್ರೋಕ್. ಬಲಗೈ ಬಲಗಾಲು ಹೋಯಿತು. ಅದರ ಜೊತೆ ಮಾತೂ ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತದೆ, ಹೇಳಲಿಕ್ಕೆ ಆಗುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಿಸ್ ಟಾನ್ ಎಂಬ ಚೈನೀಸ್ ಹುಡುಗಿ ಮಾತು ಕಲಿಸಲು ಬರುತ್ತಿದ್ದಳು. ಮೊದಲ ದಿನ ಕೇಳಿದಳು, "ಆಂಟಿ, ಮನೆಯಲ್ಲಿ ಅಂಕಲ್ ಯಾವ ಲ್ಯಾಂಗ್ವೇಜ್?"

"ಕನ್ನಡ."

"ಓ, ಕ್ಯಾನಡಾ! ಹಾಗಾದ್ರೆ ಫ್ರೆಂಚ್ ಕೂಡ ಗೊತ್ತಾ?"

ಅಳುವಿನ ನಡುವೆಯೂ ನನಗೆ ನಗು ಬಂತು. ಪಾಪದ ಹುಡುಗಿ, ಸೇಬು, ಕಪ್, ಬೆಕ್ಕು ಎಂದು ಚಿತ್ರದ ಕಾರ್ಡು ತೋರಿಸಿ ಐದು ತಿಂಗಳು ಹೆಣಗಿದಳು. ದೇಹದ ಪ್ರತಿ ಎಲುಬಿಗೂ ಲ್ಯಾಟಿನ್ ಹೆಸರು ಹೇಳುತ್ತಿದ್ದವರ ಬಾಯಿಂದ ಒಂದು ಬೆಕ್ಕೂ ಹೊರಗೆ ಬರಲಿಲ್ಲ. ತಲೆ ಆಡಿಸಿ ಹೌದು, ಇಲ್ಲ ಎನ್ನುವುದಷ್ಟೇ. ಆರನೆಯ ತಿಂಗಳಿಗೆ ಮಿಸ್ ಟಾನ್ ನನ್ನ ಕೈ ಹಿಡಿದು, "ಇನ್ನು ಹೆಚ್ಚು ಹೋಪ್ ಇಟ್ಟುಕೊಳ್ಳಬೇಡಿ ಆಂಟಿ" ಎಂದಳು.

ಆ ದಿನದಿಂದ ನನ್ನ ಪ್ರಾರ್ಥನೆ ಚಿಕ್ಕದಾಯಿತು. ಅವರು ನಡೆಯಲಿ, ಮೊದಲಿನಂತಾಗಲಿ ಎಂದು ಕೇಳುವುದನ್ನು ಬಿಟ್ಟೆ. ಒಂದೇ ಒಂದು ಸಲ ನನ್ನನ್ನು ಹೆಸರಿಟ್ಟು ಕರೆಯಲಿ, ಕರ್ತನೇ. ಲಿಲ್ಲಿ ಅನ್ನಲಿ. ಎರಡಕ್ಷರ. ನಲವತ್ತೆಂಟು ವರ್ಷ ಮನೆಯ ಯಾವ ಮೂಲೆಯಿಂದಲೋ "ಲಿಲ್ಲಿ, ನನ್ನ ಕನ್ನಡಕ ಎಲ್ಲಿ?" ಎಂದು ಕೇಳುತ್ತಿದ್ದ ಆ ಕೂಗು ನಿಂತುಹೋದ ಮೇಲೆ ನಾನೇ ಇದ್ದೇನೋ ಇಲ್ಲವೋ ಎಂದು ನನಗೆ ಸಂಶಯ ಬರತೊಡಗಿತ್ತು. ಕನ್ನಡಕ ಅವರ ಮೂಗಿನ ಮೇಲೆಯೇ ಇರುತ್ತಿತ್ತು. ಅದನ್ನು ಹುಡುಕುವವರು ಇರಲಿಲ್ಲ.

ಅವರನ್ನು ನೋಡಿಕೊಳ್ಳಲು ನಿಶಾ ಒಬ್ಬ ಹೆಂಗಸನ್ನು ಗೊತ್ತುಮಾಡಿದಳು. ಸುಮಾತ್ರಾದ ತೋಬಾ ಸರೋವರದ ಕಡೆಯ ಬತಾಕ್ ಜನ. ಐವತ್ತರ ಹತ್ತಿರದ ಪ್ರಾಯ, ಗಟ್ಟಿ ತೋಳು, ಕೆಳಗಿನ ಹಲ್ಲೊಂದು ಇಲ್ಲ. ಇಪ್ಪತ್ತು ವರ್ಷದಿಂದ ಈ ಊರಿನ ಮನೆಗಳಲ್ಲಿ ಕೆಲಸ ಮಾಡಿದವಳು. ಹೆಸರು ಕೇಳಿದೆ. "ನಾಯ್ ರೋತುವಾ" ಎಂದಳು.

ನಾನು ಬೆಚ್ಚಿಬಿದ್ದೆ. ಪಕ್ಕದ ಮನೆಯ ತಮಿಳು ಹೆಂಗಸು ಸರಸು ಗೇಟಿನಲ್ಲೇ ನಿಂತಿದ್ದಳು, ಕಿಸಕ್ಕನೆ ನಕ್ಕಳು. "ಅಯ್ಯೋ ಆಂಟಿ, ನಮ್ಮ ಭಾಷೆಯಲ್ಲೂ ಅದೇ! ನಾಯಿ ಬಂತು ನೋಡಿ ನಿಮ್ಮ ಮನೆಗೆ!"

"ಸರಸು, ಬಾಯಿ ಮುಚ್ಚು ಮಾರಾಯ್ತಿ" ಎಂದೆ. ಬಂದವಳ ಕಡೆ ತಿರುಗಿ, "ಮನುಷ್ಯರನ್ನು ನಾನು ಹಾಗೆ ಕರೆಯುವುದಿಲ್ಲ. ನಿನ್ನನ್ನು ರೋತುವಾ ಅಂತಲೇ ಕರೀತೇನೆ, ಆಯ್ತಾ?" ಎಂದು ನನ್ನ ಕಾನ್ವೆಂಟು ಮಲಯ್ ಭಾಷೆಯಲ್ಲಿ ಹೇಳಿದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಆಯ್ತು, ಇಬು" ಎಂದಳು. ಅವರಲ್ಲಿ ಅಮ್ಮನವರೇ ಎಂದ ಹಾಗೆ. ಸ್ಯಾಮ್ ಅವಳಿಗೆ ಬಾಪಾ, ಅಪ್ಪನವರು.

ಹಾಗೆ ಅವಳು ರೋತುವಾ ಆದಳು. ರೋತುವಾ, ಚಾ ಇಡು. ರೋತುವಾ, ಬಾಪಾಗೆ ದಿಂಬು ಕೊಡು. ದಿನಕ್ಕೆ ನೂರು ಸಲ.

ಭಾನುವಾರ ಅವಳ ರಜೆ. ನಾವು ಮೊದಲು ಬಾಂಗ್ಸಾರಿನ ಇಂಗ್ಲಿಷ್ ಆರಾಧನೆಗೆ ಹೋಗುತ್ತಿದ್ದೆವು. ಲಿಫ್ಟು, ಎಸಿ, ಎಲ್ಲ ಉಂಟು. ಆದರೆ ಅಲ್ಲಿನವರು ಸ್ಯಾಮ್‌ನ ಕಿವಿಯ ಹತ್ತಿರ ಬಗ್ಗಿ, ಕೂಸಿಗೆ ಹೇಳುವಂತೆ, "ಹೌ ಆರ್ ವೀ ಟುಡೇ, ಪ್ರೊಫೆಸರ್?" ಎಂದು ಕಿರುಚುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಆಮೇಲೆ ಹೊರಡುವುದಕ್ಕೇ ಒಪ್ಪಲಿಲ್ಲ. ಒಂದು ಶನಿವಾರ ನಾನು ಅಡುಗೆಮನೆಯಲ್ಲಿ ಅಳುವುದನ್ನು ರೋತುವಾ ಕಂಡಳು.

"ನನ್ನ ಸಭೆಗೆ ಬನ್ನಿ ಲಾ, ಇಬು. ಅಲ್ಲಿ ಮಾತಾಡುವವರು ಕಮ್ಮಿ. ಎಲ್ಲ ಹಾಡುವವರೇ." ಲಾ ಎನ್ನುವುದು ಇಲ್ಲಿನವರ ಮಾತಿನ ಬಾಲ, ನಮ್ಮ ಮಾರಾಯ್ತಿಯ ಹಾಗೆ.

ನಿಶಾಗೆ ಇದು ಸರಿಬರಲಿಲ್ಲ. "ಎಂತ ಅಮ್ಮ ನೀನು? ಪುಚೊಂಗ್‌ನಲ್ಲಿ ಟಯರ್ ಅಂಗಡಿ ಮೇಲೆ, ಲಿಫ್ಟ್ ಇಲ್ಲ. ಭಾಷೆ ಬರುವುದಿಲ್ಲ. ಪಪ್ಪನನ್ನು ಬೀಳಿಸಿದರೆ?"

"ಪಪ್ಪ ಆಗಲೇ ಬಿದ್ದಾಗಿದೆ" ಎಂದೆ. ಕಾನ್ವೆಂಟಿನಲ್ಲಿ ಕಲಿತ ಮಾತಲ್ಲ ಅದು, ಬಾಯಿಗೆ ಬಂತು.

ಮೊದಲ ಭಾನುವಾರ ಆ ಗಂಡಸರು ಬಗ್ಗಿ ಕುರ್ಚಿ ಹಿಡಿದು "ಸಾದಾ" ಎಂದಾಗ ನಾನು ಸ್ಯಾಮ್‌ನ ಕಿವಿಯಲ್ಲಿ, "ನೋಡಿ, ನಿಮಗೆ ದೋಸೆ ಆರ್ಡರ್ ಮಾಡ್ತಿದ್ದಾರೆ" ಎಂದೆ. ಅರ್ಧ ಬಾಯಿ ಮೇಲೆದ್ದಿತು. ಏಳು ತಿಂಗಳಲ್ಲಿ ಅವರ ಮೊದಲ ನಗು.

ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒಂದು ಮರದ ಶಿಲುಬೆ, ಸುತ್ತುವಾಗ ಕಟಕಟ ಎನ್ನುವ ಫ್ಯಾನುಗಳು. ಅರವತ್ತು ಎಪ್ಪತ್ತು ಜನ: ಮನೆಗೆಲಸದ ಹೆಂಗಸರು, ಫ್ಯಾಕ್ಟರಿಯವರು, ಕಟ್ಟಡ ಕಟ್ಟುವವರು, ನರ್ಸಿಂಗ್ ಹೋಮಿನಲ್ಲಿ ದುಡಿಯುವವರು. ಕೀಬೋರ್ಡಿನವನು ರಾಗ ಎತ್ತಿದ. ಅದು ನಮ್ಮ ಹಾಡು! ಉಡುಪಿಯಲ್ಲಿ ನಮ್ಮ ಅಜ್ಜ ಬೆಳಗಿನ ಪ್ರಾರ್ಥನೆಗೆ ಎತ್ತುತ್ತಿದ್ದ ರಾಗ. ಪದ ಬೇರೆ, ರಾಗದ ಏರು ಇಳಿತ ಒಂದೊಂದೂ ಅದೇ. ನಮ್ಮ ಕರಾವಳಿಗೆ ಬಂದ ಹಾಗೆಯೇ ಜರ್ಮನಿಯ ಪಾದ್ರಿಗಳು ಅವರ ಸರೋವರದ ಗುಡ್ಡಗಳಿಗೂ ಹೋಗಿದ್ದರಂತೆ. ಇಲ್ಲಿ ಕನ್ನಡದ ಬಟ್ಟೆ, ಅಲ್ಲಿ ಬತಾಕ್ ಬಟ್ಟೆ ತೊಡಿಸಿ, ರಾಗ ಒಂದನ್ನೇ ಎರಡೂ ಕಡೆ ಬಿಟ್ಟು ಹೋಗಿದ್ದಾರೆ. ನಾನು ಕನ್ನಡದಲ್ಲಿ ಹಾಡಿದೆ. ಯಾರೂ ತಿರುಗಿ ನೋಡಲಿಲ್ಲ. ನನ್ನ ಪಕ್ಕದಲ್ಲಿ, ನೀರಿನಡಿಯಿಂದ ಬಂದ ಹಾಗೆ, ಒಂದು ಸಣ್ಣ ಗುಂಯ್ ಶಬ್ದ. ಸ್ಯಾಮ್! ಪದ ಇರಲಿಲ್ಲ, ಸ್ವರ ಮಾತ್ರ. ಆದರೆ ಬೇಸ್ ಪಾರ್ಟ್. ಅವರು ಯಾವಾಗಲೂ ಬೇಸ್.

ಆಮೇಲೆ ನಾವು ಒಂದು ಭಾನುವಾರವೂ ತಪ್ಪಿಸಲಿಲ್ಲ.

ಆರಾಧನೆಯ ಬಳಿಕ ಅನ್ನ, ಮೀನುಸಾರಿನ ಊಟ. ಹಾಗೆ ಊಟದ ಹೊತ್ತಿನಲ್ಲಿ ಆ ಸಭೆಯ ಕಥೆ ನನಗೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಅದು ಶುರುವಾದದ್ದು ಬಟ್ಟೆ ಒಣಗಿಸುವ ಹಗ್ಗದಲ್ಲಿ. ಮನೆಯ ಹಿತ್ತಲಿನಲ್ಲಿ ಒಬ್ಬ ಕೆಲಸದ ಹೆಂಗಸು ಬೆಡ್‌ಶೀಟು ಒಣಹಾಕುತ್ತಾ ತನ್ನಷ್ಟಕ್ಕೆ ಕೀರ್ತನೆ ಹಾಡಿಕೊಳ್ಳುತ್ತಿದ್ದಳು. ಹಿಂದಿನ ಬೀದಿಯ ಮನೆಯ ಹಿತ್ತಲಿನಿಂದ, ಗೋಡೆಯಾಚೆ, ಇನ್ನೊಂದು ದನಿ ಎರಡನೆಯ ಸಾಲಿನಿಂದ ಕೂಡಿಕೊಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಾಣದೆ ಮೂರು ವಾರ ಹಾಗೆ ಹಾಡಿದರು. ಆ ಇಬ್ಬರೇ ಸಭೆ. ನಂತರ ಐದು ಜನ, ಎಂಟು ಜನ. ಮಾಮಾಕ್ ಎನ್ನುವ ಚಾದಂಗಡಿಯ ಹಿಂದಿನ ಮೇಜಿನಲ್ಲಿ ಒಂದೊಂದು ಗ್ಲಾಸು ಚಾ ಇಟ್ಟುಕೊಂಡು ಮೆಲ್ಲಗೆ ಹಾಡುವುದು. ಅಂಗಡಿಯ ಮುಸ್ಲಿಂ ಯಜಮಾನ ಗದರುತ್ತಿದ್ದನಂತೆ: "ಅಕ್ಕಾ, ಹಾಡು ಪರವಾಗಿಲ್ಲ, ಅಳಬೇಡಿ ಲಾ. ಗಿರಾಕಿಗಳು ನನ್ನ ಸಾಂಬಾರು ಖಾರ ಅಂದ್ಕೊಳ್ತಾರೆ." ಆಮೇಲೆ ಒಂದು ತಮಿಳು ಲೂಥರನ್ ಸಭೆಯವರು ತಮ್ಮ ಆರಾಧನೆ ಮುಗಿದ ಮೇಲೆ ಹಾಲ್ ಬಿಟ್ಟುಕೊಟ್ಟರು. ಕಡೆಗೆ ಈ ಟಯರ್ ಅಂಗಡಿಯ ಮಹಡಿ.

"ಮೊದಲು ಹಾಡಿದವಳು ಯಾರು?" ಎಂದು ಕೇಳಿದೆ.

ಎಲ್ಲರೂ ನಮ್ಮ ರೋತುವಾಳನ್ನು ತೋರಿಸಿದರು. ಅವಳು ಮೀನಿನ ಮುಳ್ಳು ಬಿಡಿಸಿ ಸ್ಯಾಮ್‌ಗೆ ತುತ್ತು ಕೊಡುತ್ತಿದ್ದಳು.

ಅಲ್ಲಿಯೇ ನನ್ನ ತಪ್ಪೂ ಬಯಲಾಯಿತು. "ರೋತುವಾ, ನೀನು ನನಗೆ ಹೇಳಲೇ ಇಲ್ಲವಲ್ಲ!" ಎಂದೆ. ಮೇಜಿನ ಸುತ್ತ ಇದ್ದವರು ಊಟ ನಿಲ್ಲಿಸಿದರು. ಪಾದ್ರಿಯವರ ಹೆಂಡತಿ ಮೆಲ್ಲಗೆ ಕೇಳಿದರು, "ಇಬು, ನೀವು ಯಾಕೆ ಅವಳನ್ನು ಅವಳ ಮಗಳ ಹೆಸರಿನಿಂದ ಕರೀತೀರಿ?"

ಅವರಲ್ಲಿ ಮಗು ಹುಟ್ಟಿದ ಮೇಲೆ ಗಂಡಹೆಂಡಿರನ್ನು ಸ್ವಂತ ಹೆಸರಿನಿಂದ ಕರೆಯುವುದೇ ಇಲ್ಲವಂತೆ, ಅದು ಮರ್ಯಾದೆಯಲ್ಲ. ಚೊಚ್ಚಲ ಮಗುವಿನ ಹೆಸರೇ ಅವರ ಹೆಸರು. ಅಪ್ಪ ಅಮಾನಿ ರೋತುವಾ, ಅಮ್ಮ ನಾಯ್ ರೋತುವಾ. ನಾಯ್ ಎಂದರೆ ತಾಯಿ. ನಾನು ತಾಯಿಯನ್ನು ನಾಯಿ ಎಂದು ತಿಳಿದು ಕತ್ತರಿಸಿ ಎಸೆದಿದ್ದೆ.

ಮನೆಗೆ ಬರುವ ಕಾರಿನಲ್ಲಿ ಅವಳ ಕೈ ಹಿಡಿದುಕೊಂಡು ಕೇಳಿದೆ. "ಇಷ್ಟು ದಿನ ಯಾಕೆ ತಿದ್ದಲಿಲ್ಲ ನನ್ನನ್ನು?"

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. "ಅವಳನ್ನು ಎರಡು ವರ್ಷದ ಕೂಸು ಇರುವಾಗ ಅಜ್ಜಿಯ ಹತ್ತಿರ ಬಿಟ್ಟು ಬಂದೆ, ಇಬು. ಇಪ್ಪತ್ತು ವರ್ಷ ನಾನಿದ್ದ ಯಾವ ಮನೆಯಲ್ಲೂ ಅವಳ ಹೆಸರು ಕೇಳಿಸಲಿಲ್ಲ. ನಿಮ್ಮ ಮನೆಯಲ್ಲಿ ದಿನವಿಡೀ ಕೇಳಿಸುತ್ತದೆ. ರೋತುವಾ ಚಾ ಇಡು ಅಂದರೆ, ಆಹಾ, ಅವಳೂ ಇಲ್ಲೇ ಎಲ್ಲೋ ಚಾ ಇಡ್ತಿದ್ದಾಳೆ ಅನ್ನಿಸ್ತದೆ. ಬೇಡ ಅಂತ ಯಾಕೆ ಹೇಳಲಿ?"

ನಮ್ಮ ಮನೆಯಲ್ಲೂ ಯಾರೂ ಕರೆಯದ ಒಂದು ಹೆಸರು ಇತ್ತು.

ನಿಶಾಳಿಗಿಂತ ಮೂರು ವರ್ಷ ಮೊದಲು ನಮಗೊಂದು ಹೆಣ್ಣುಮಗು ಹುಟ್ಟಿತ್ತು. ಒಂಬತ್ತು ದಿನ ಇತ್ತು. ಉಳಿಯುವುದಿಲ್ಲ ಎಂದಾಗ ಪಾದ್ರಿ ಅಯ್ಯನವರು ಬರುವವರೆಗೂ ಕಾಯದೆ, ಆಸ್ಪತ್ರೆಯ ನರ್ಸಮ್ಮನೇ ಸ್ಟೀಲ್ ಬಟ್ಟಲಿನ ನೀರಿನಲ್ಲಿ ದೀಕ್ಷಾಸ್ನಾನ ಕೊಟ್ಟರು. ಹೆಸರೇನು ಎಂದು ಕೇಳಿದರು. ಸ್ಯಾಮ್ "ಕರುಣಾ" ಎಂದರು. ಮಣ್ಣು ಮಾಡಿ ಬಂದ ಮೇಲೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಇನ್ನು ಇದನ್ನು ಮಾತಾಡುವುದು ಬೇಡ, ಲಿಲ್ಲಿ." ನಾವು ಮಾತಾಡಲಿಲ್ಲ. ಆ ಹೆಸರು ನಮ್ಮಿಬ್ಬರ ನಡುವೆ, ಹಾಸಿಗೆಯ ಮೇಲೆ ಮಲಗಿಸಿದ ಕೂಸಿನಂತೆ, ನಲವತ್ತು ವರ್ಷ ಮಲಗಿತ್ತು. ಅವರು ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅದಕ್ಕಾಗಿ ಅವರ ಮೇಲೆ ಒಳಗೊಳಗೇ ಸಣ್ಣದೊಂದು ಸಿಟ್ಟೂ ಇತ್ತು. ದೇವರು ಬಲ್ಲ.

ಸಭೆಯವರು ನಮಗೂ ಹೆಸರು ಕೊಡಬೇಕಲ್ಲ. ಮಕ್ಕಳು ಯಾರು ಎಂದರು. ನಿಶಾ ಎಂದೆ. ಅಂದಿನಿಂದ ನಾನು ನಾಯ್ ನಿಶಾ, ಅವರು ಅಮಾನಿ ನಿಶಾ. ಸರಸುಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಆದರೆ ಸ್ಯಾಮ್‌ಗೆ ಒಪ್ಪಿಗೆಯಾಗಲಿಲ್ಲ. ಯಾರಾದರೂ "ಹೋರಾಸ್, ಅಮಾನಿ ನಿಶಾ!" ಎಂದು ನಮಸ್ಕಾರ ಹೇಳಿದರೆ ಸಾಕು, ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದರು. ಇಲ್ಲ. ಪ್ರತಿ ಭಾನುವಾರವೂ ಇಲ್ಲ. ಮಗಳನ್ನೇ ಮರೆತರೇ ಎಂದು ನನ್ನ ಎದೆ ಒಡೆಯಿತು. ನಿಶಾ ಒಮ್ಮೆ ಜೊತೆಗೆ ಬಂದಿದ್ದಾಗ ಅದನ್ನು ಕಂಡು ಮೆಟ್ಟಿಲಿನಲ್ಲಿ ಒಬ್ಬಳೇ ಹೋಗಿ ಕೂತಳು. ನಾನು ಸಭೆಯವರಿಗೆ, "ಅವರಿಗೆ ತಲೆ ಸರಿಯಿಲ್ಲ, ಕ್ಷಮಿಸಿ" ಎಂದು ಹೇಳತೊಡಗಿದೆ. ಆ ಮಾತನ್ನು ಅವರ ಎದುರೇ ಹೇಳಿದೆನಲ್ಲ ಎಂಬುದು ನನ್ನನ್ನು ಇವತ್ತಿಗೂ ಕುಟುಕುತ್ತದೆ.

ಆ ದಿನಗಳಲ್ಲಿ ನನ್ನ ಪ್ರಾರ್ಥನೆಯೂ ಒಣಗಿತು. ಮಗಳನ್ನೇ ಒಪ್ಪದವರು ಲಿಲ್ಲಿ ಎನ್ನುವುದುಂಟೇ? ಕಣ್ಣು ಮುಚ್ಚಿ ಕೂತರೆ ಮಾತೇ ಬರುತ್ತಿರಲಿಲ್ಲ. ಅವರಿಗೂ ಮಾತಿಲ್ಲ, ನನಗೂ ಇಲ್ಲ.

ಬೆಳೆಹಬ್ಬದ ಭಾನುವಾರ ಬಂತು. ಅಲ್ಲಿ ಯಾರಿಗೂ ಹೊಲವಿಲ್ಲ. ಮಾರ್ಕೆಟಿನಿಂದ ತಂದ ಕ್ಯಾಬೇಜು, ಬಾಳೆಗೊನೆ, ಅಕ್ಕಿಯ ಚೀಲಗಳನ್ನೇ ಬಿದಿರಿನ ಕೋಲಿಗೆ ಕಟ್ಟಿ ಹೊತ್ತುಕೊಂಡು, ಊರಿನಲ್ಲಿ ಹೊತ್ತ ಹಾಗೆಯೇ ಕುಣಿಯುತ್ತಾ ವೇದಿಕೆಗೆ ಹೋಗುತ್ತಾರೆ. ಒಂದೊಂದು ಮನೆಯವರನ್ನೂ ಪಾದ್ರಿ ಹೆಸರು ಹಿಡಿದು ಕರೆಯುತ್ತಾರೆ. ಪಾದ್ರಿಯವರನ್ನು ಅಲ್ಲಿ ಪೆಂಡೆತಾ ಎನ್ನುತ್ತಾರೆ. ನಮ್ಮ ಪಂಡಿತನೇ ಸಮುದ್ರ ದಾಟಿ ಹಾಗಾದದ್ದು. ನನ್ನ ಮಡಿಲಲ್ಲಿ ಒಂದು ಬುಟ್ಟಿ ಬೆಂಡೆಕಾಯಿ.

"ಅಮಾನಿ ನಿಶಾ! ನಾಯ್ ನಿಶಾ!"

ನಾಯ್ ರೋತುವಾ ವೀಲ್‌ಚೇರ್ ತಳ್ಳಿದಳು. ಸ್ಯಾಮ್ ಎಡಗಾಲನ್ನು ನೆಲಕ್ಕೆ ಊರಿದರು. ಕುರ್ಚಿ ನಿಂತಿತು. ತಲೆ ಅತ್ತಿತ್ತ, ಅತ್ತಿತ್ತ. ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿದರು. ಕೀಬೋರ್ಡ್ ನಿಂತುಹೋಯಿತು. "ಸ್ಯಾಮ್, ಪ್ಲೀಸ್, ಎಲ್ಲರೂ ನೋಡ್ತಿದ್ದಾರೆ" ಎಂದೆ, ನಾಚಿಕೆಯಿಂದ ಸಾಯುತ್ತಾ.

ನಾಯ್ ರೋತುವಾ ನನ್ನ ಹೆಗಲು ಮುಟ್ಟಿದಳು. "ಇಬು, ಬಾಪಾಗೆ ತಲೆ ಸರಿ ಇದೆ. ಅವರು ಏನೋ ತಿದ್ದುತ್ತಿದ್ದಾರೆ."

ಪಾದ್ರಿ ವೇದಿಕೆಯಿಂದ ಇಳಿದು ಬಂದು ಕುರ್ಚಿಯ ಮುಂದೆ ಮೊಣಕಾಲೂರಿದರು. ಕಿರುಚಲಿಲ್ಲ. ಸಮಾನ ವಯಸ್ಸಿನವರನ್ನು ಕೇಳುವ ಹಾಗೆ ಕೇಳಿದರು: "ಹಾಗಾದರೆ ಯಾರ ತಂದೆ ನೀವು, ಅಣ್ಣಾ?"

ಫ್ಯಾನು ಕಟಕಟ ಎನ್ನುತ್ತಿತ್ತು. ಕೆಳಗಿನ ಅಂಗಡಿಯೂ ಯಾಕೋ ಸುಮ್ಮನಿತ್ತು. ಸ್ಯಾಮ್ ನನ್ನ ಕಡೆ ತಿರುಗಿದರು. ಅವರ ಗಂಟಲಿನಲ್ಲಿ ಆ ಬೇಸ್ ಸ್ವರ ಎದ್ದಿತು, ನಾನು ಮೊದಲ ದಿನ ಕೇಳಿದ್ದು. ಆದರೆ ಈ ಸಲ ಅದು ತುಟಿಯವರೆಗೂ ಬಂತು.

"ಕ..." ಎಂದರು. "ಕ... ರು... ಣಾ."

ಬೆಂಡೆಕಾಯಿಯ ಬುಟ್ಟಿ ನನ್ನ ಕೈಯಿಂದ ಬಿತ್ತು. ಅವರು ಎಡಗೈ ಎತ್ತಿ ನನ್ನ ಎದೆಯತ್ತ ಬೆರಳು ಮಾಡಿದರು. "ಕರುಣಾ... ಅಮ್ಮ."

ಕರುಣಾಳ ಅಮ್ಮ.

ಮರೆತಿರಲಿಲ್ಲ. ನಲವತ್ತು ವರ್ಷ ಮರೆತಿರಲಿಲ್ಲ. ನಿಶಾಳನ್ನು ಇಲ್ಲವೆಂದಿರಲಿಲ್ಲ ಅವರು. ಚೊಚ್ಚಲು ಇನ್ನೊಬ್ಬಳಿದ್ದಾಳೆ, ಅವಳನ್ನು ಬಿಟ್ಟು ಎಣಿಸಬೇಡಿ ಎಂದು ಪ್ರತಿ ಭಾನುವಾರ ಹೇಳುತ್ತಿದ್ದರು. ನಾನು ಮಾತ್ರ ಅದನ್ನು ತಿಳಿಯದೆ ಹೋದೆ.

ಪಾದ್ರಿಗೆ ಅದು ಕಾರುನಿಯಾ ಎಂದು ಕೇಳಿಸಿತು. ಅವರ ಬೈಬಲಿನಲ್ಲಿ ದೇವರು ಸುಮ್ಮನೆ ಕೊಡುವ ವರಕ್ಕೆ ಅದೇ ಪದವಂತೆ. ಎದ್ದು ನಿಂತು ಗಟ್ಟಿಯಾಗಿ ಕೂಗಿದರು: "ಅಮಾನಿ ಕಾರುನಿಯಾ! ನಾಯ್ ಕಾರುನಿಯಾ!" ಇಡೀ ಸಭೆ "ಹೋರಾಸ್!" ಎಂದಿತು. ನಾಯ್ ರೋತುವಾ ತನ್ನ ಹೆಗಲಿನ ನೇಯ್ದ ಶಾಲನ್ನು ತೆಗೆದು ನಮ್ಮಿಬ್ಬರ ಹೆಗಲಿಗೂ ಸೇರಿಸಿ ಹೊದಿಸಿದಳು. ಊರಿನಿಂದ ತಂದ ಒಂದೇ ಒಂದು ಶಾಲು ಅದು. ಅದರೊಳಗೆ ಕೂತು ನಾವಿಬ್ಬರೂ, ಆ ಮಗುವಿಗಾಗಿ ಮೊದಲ ಬಾರಿ ಒಟ್ಟಿಗೆ, ಅತ್ತೆವು. ಅವತ್ತು ನಮ್ಮ ಜೊತೆ ಬಂದು ಬಾಗಿಲಲ್ಲೇ ನಿಂತಿದ್ದ ನಿಶಾ ಓಡಿ ಬಂದು, ನೆಲದಲ್ಲಿ ಚೆಲ್ಲಿದ್ದ ಬೆಂಡೆಕಾಯಿಗಳ ನಡುವೆ ಕೂತು ಪಪ್ಪನ ಮೊಣಕಾಲಿಗೆ ತಲೆಯಿಟ್ಟಳು. "ನಂಗೊಬ್ಬ ಅಕ್ಕ ಇದ್ದಳು ಅಂತ ಯಾರೂ ಹೇಳಲೇ ಇಲ್ಲವಲ್ಲಮ್ಮಾ" ಎಂದಳು.

ಪ್ರಿಯರೇ, ನಾನು ಕೇಳಿದ್ದು ನನ್ನ ಹೆಸರನ್ನು. ಎರಡಕ್ಷರ ಕೇಳಿದೆ. ಕರ್ತನು ನನ್ನ ಹೆಸರನ್ನೇ ಕೊಟ್ಟನು. ಆದರೆ ನನ್ನದೆಂದು ನಾನೇ ಮರೆತಿದ್ದ ಹೆಸರನ್ನು. ಅಮ್ಮನ ಹೆಸರು ಮಗುವಿನ ಹೆಸರೇ ಆಗಿರುವ ಜನರ ನಡುವೆ, ಲಿಫ್ಟಿಲ್ಲದ ಮಹಡಿಗೆ, ನಾಲ್ಕು ಮಂದಿಯ ಕೈಯಲ್ಲಿ ನಮ್ಮನ್ನು ಎತ್ತಿಸಿಕೊಂಡು ಹೋಗಿ ಕೊಟ್ಟನು. ಬಾಂಗ್ಸಾರಿನ ಲಿಫ್ಟಿನಲ್ಲಿ ಅದು ಸಿಗುತ್ತಿತ್ತೇ? ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ದೇವರು ಕೊಡುವ ಉತ್ತರವನ್ನು ನನ್ನ ನಂಬಿಕೆ ಇನ್ನು ತಿದ್ದಲು ಹೋಗುವುದಿಲ್ಲ.

ಆಮೇಲೆ ಸ್ಯಾಮ್‌ಗೆ ಕೆಲವು ಮಾತು ಬಂತು. ಚಾ. ಸಾಕು. ನಿಶಾ. ಕರುಣಾ. ಲಿಲ್ಲಿ ಎಂದು ಕಡೆಯವರೆಗೂ ಹೇಳಲಿಲ್ಲ. ನನ್ನನ್ನು ಕರೆಯಬೇಕಾದರೆ "ಕರುಣಾ ಅಮ್ಮ" ಎನ್ನುತ್ತಿದ್ದರು, ಕನ್ನಡಕ ಕೇಳುವ ಆ ಹಳೆಯ ದನಿಯಲ್ಲೇ. ಮುಂದಿನ ವರ್ಷ ಈಸ್ಟರಿಗೆ ಮೊದಲು, ನಿದ್ದೆಯಲ್ಲಿ ಕರ್ತನ ಬಳಿಗೆ ಹೋದರು. ಆ ನಾಲ್ಕು ಮಂದಿಯೇ ಪೆಟ್ಟಿಗೆ ಹೊತ್ತರು. ಅವತ್ತೂ ಎಣಿಸಿದರು.

ನಾಯ್ ರೋತುವಾ ಹೋದ ತಿಂಗಳು ಊರಿಗೆ ಹೊರಟಳು. ಮಗಳು ರೋತುವಾಗೆ ಗಂಡುಮಗು ಹುಟ್ಟಿದೆ. ಸುಬಾಂಗ್ ಜಯಾದ ಸ್ಟೇಷನ್ನಿಗೆ ನಾನೇ ಬಿಡಲು ಹೋದೆ. ಅಲ್ಲಿಂದ ರೈಲು, ಮುಂದೆ ಏರ್‌ಪೋರ್ಟು. ಎರಡು ಪೆಟ್ಟಿಗೆ, ಒಂದು ಚೀಲದಲ್ಲಿ ಮಿಲೋ ಪುಡಿಯ ಡಬ್ಬಗಳು. ಮೊಮ್ಮಗುವಿಗೆ ದೀಕ್ಷಾಸ್ನಾನವಾಗಿ ಹೆಸರಿಟ್ಟ ಮೇಲೆ ಅವಳ ಹೆಸರೂ ಬದಲಾಗುತ್ತದಂತೆ. ಆ ಮೇಲೆ ಅವಳು ಇಂಥವನ ಅಜ್ಜಿ. "ಹಾಗಾದರೆ ಇನ್ನೊಂದು ವಾರ ಮಾತ್ರ ಈ ಹೆಸರು" ಎಂದಳು, ಹಲ್ಲಿಲ್ಲದ ಕಡೆ ತೋರಿಸಿ ನಗುತ್ತಾ. ಆ ಶಾಲನ್ನು ಮಡಿಚಿ ಕೊಡಲು ಹೋದೆ. ಅವಳು ನನ್ನ ಕೈ ಹಿಂದಕ್ಕೆ ತಳ್ಳಿದಳು.

ಕಾರ್ಡು ಒತ್ತಿ ಗೇಟು ದಾಟಿದಳು. ಎಸ್ಕಲೇಟರ್ ಅವಳನ್ನು ಮೆಲ್ಲಗೆ ಮೇಲೆ ಒಯ್ಯತೊಡಗಿತು. ಸ್ಟೇಷನ್ನಿನಲ್ಲಿ ಕೂಗುವುದು ಅನ್‌ಲೇಡಿಲೈಕ್, ಸಿಸ್ಟರ್‌ಗಳು ಕಂಡರೆ ಮೊಣಕಾಲೂರಿಸುತ್ತಿದ್ದರು. ಆದರೂ ಕಂಬಿ ಹಿಡಿದುಕೊಂಡು, ಇಷ್ಟು ವರ್ಷ ನನ್ನ ನಾಲಿಗೆ ಪೂರ್ತಿಯಾಗಿ ಹೇಳದ ಹೆಸರನ್ನು, ಇದ್ದಷ್ಟು ಶಕ್ತಿಯಿಂದ ಕೂಗಿದೆ.

"ನಾಯ್ ರೋತುವಾ!"

ಟಿಕೆಟ್ ಕೊಳ್ಳುತ್ತಿದ್ದ ತಮಿಳು ಕುಟುಂಬವೊಂದು ಗಾಬರಿಯಿಂದ ಕಾಲ ಬಳಿ ನೋಡಿಕೊಂಡಿತು. ಅವಳು ತಿರುಗಿದಳು. ಎರಡೂ ಕೈ ಎತ್ತಿ, ಎಲ್ಲರೂ ಕೇಳುವ ಹಾಗೆ, ನನ್ನ ಹೆಸರನ್ನು ತಿರುಗಿ ಕೂಗಿದಳು. "ಹೋರಾಸ್, ನಾಯ್ ಕಾರುನಿಯಾ!" ಮೆಟ್ಟಿಲು ಅವಳ ತಲೆ, ಹೆಗಲು, ಸೀರೆಯಂತೆ ಸುತ್ತಿದ ಸರೊಂಗ್ ಎಲ್ಲವನ್ನೂ ಮೇಲೆ ಎಳೆದುಕೊಂಡಿತು. ಕಡೆಗೆ ಕಂಡದ್ದು ಅವಳ ನೀಲಿ ಚಪ್ಪಲಿಗಳು, ಹಿಮ್ಮಡಿ ಸವೆದವು.